ತವರಿನ ಹಿಡಿ ಅಕ್ಕಿ

ಹೊಳೆನರಸೀಪುರ
೨೮ ಡಿಸೆಂಬರ್ ೨೦೨೫

ಪ್ರೀತಿಯ ತಮ್ಮ ಮೋಹನನಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಮಂಡಿನೋವು ಹೇಗಿದೆ? ಈ ಚಳಿಯಲ್ಲಿ ಬೆಳಗಾಗುವ ಮೊದಲೇ ತೋಟಕ್ಕೆ ಹೋಗಬೇಡ, ತೆಂಗಿನಮರಗಳು ಎಲ್ಲಿಗೂ ಓಡಿಹೋಗುವುದಿಲ್ಲ. ಹರಳೆಣ್ಣೆ ಬಿಸಿ ಮಾಡಿ ಹಚ್ಚಲು ನಿನ್ನ ಹೆಂಡತಿಗೆ ಹೇಳು. ನಾನು ಚೆನ್ನಾಗಿದ್ದೇನೆ. ಫೋನ್ ಇರುವಾಗ ಅಕ್ಕನಿಗೇಕೆ ಕಾಗದದ ಚಟ ಅನ್ನುತ್ತೀಯ, ಗೊತ್ತು. ಫೋನಿನಲ್ಲಿ ಸ್ನೇಹಲತಾಳ ಹೆಸರೆತ್ತಿದರೆ ಸಾಕು, ನಿನಗೆ ಸಿಗ್ನಲ್ ಹೋಗಿಬಿಡುತ್ತದೆ. ಒಡಹುಟ್ಟಿದ ತಂಗಿಯ ಹೆಸರಿಗೇ ಸಿಗ್ನಲ್ ಹೋಗುವುದು ನಮ್ಮ ಬಾಗೂರಿನಲ್ಲಿ ಮಾತ್ರ ಇರಬೇಕು. ಕಾಗದವಾದರೆ ಹರಿದೇ ಹಾಕಬೇಕು. ಅಕ್ಕನ ಕೈಬರಹ ಹರಿಯುವಷ್ಟು ಕಟುಕ ನೀನಲ್ಲ.

ಹೌದು, ಕ್ರಿಸ್‌ಮಸ್‌ಗೆ ಮೈಸೂರಿಗೆ ಹೋಗಿದ್ದೆ, ಅವಳ ಮನೆಗೇ. ರೈಲು ಅಕ್ಕಿಹೆಬ್ಬಾಳಿನ ಸೇತುವೆ ದಾಟುವಾಗ ಹೊಳೆ ಕಾಣಲಿಲ್ಲ, ಬರೀ ಮಂಜು. ಎಚ್ಚರವೋ ನಿದ್ದೆಯೋ ತಿಳಿಯದ ಹಾಗೆ ಕುಳಿತಿದ್ದೆ. ಅವಳ ಮನೆಯ ಹಜಾರದಲ್ಲಿ ಗೋದಲಿ ಮಾಡಿದ್ದರು. ಬಾಲಯೇಸು ಹುಟ್ಟಿದ ಕೊಟ್ಟಿಗೆಯನ್ನು ಬೊಂಬೆಗಳಿಟ್ಟು ಜೋಡಿಸುವುದಕ್ಕೆ ಹಾಗನ್ನುತ್ತಾರಂತೆ. ಅದರ ಸುತ್ತ ಹಸಿರಿರಲಿ ಎಂದು ಸ್ನೇಹಲತಾ ಡಬ್ಬಿಗಳಲ್ಲಿ ರಾಗಿ ಬಿತ್ತಿದ್ದಳು. ಮೈಸೂರಿನ ಮನೆಯೊಳಗೆ ನಮ್ಮ ಹೊಲ ಗೇಣುದ್ದ ಎದ್ದು ನಿಂತಿತ್ತು ಕಣೋ. ನೀವಿಬ್ಬರೂ ರಾಗಿ ಹೊಲದಲ್ಲಿ ಬಚ್ಚಿಟ್ಟುಕೊಂಡು, ಪೈರು ತುಳಿದಿರಿ ಎಂದು ಅಪ್ಪನಿಂದ ಬೈಸಿಕೊಂಡದ್ದು ನೆನಪಾಗಿ, ಕಾಫಿ ಆರಿದರೂ ಅಲ್ಲೇ ಕುಳಿತಿದ್ದೆ.

ಮರುದಿನ ಊರು ತೋರಿಸಿದವನು ಇನ್ನಾಸಪ್ಪ. ಹುಬ್ಬು ಗಂಟಿಕ್ಕಬೇಡ. ಹಾಸ್ಟೆಲಿನಲ್ಲಿ ನಿನ್ನ ರೂಮಿನಲ್ಲೇ ಇದ್ದವನು, ಹಬ್ಬಕ್ಕೆ ನೀನೇ ಊರಿಗೆ ಕರೆತಂದವನು, ಆಮೇಲೆ ನಮ್ಮ ಸ್ನೇಹಲತಾಳನ್ನು ಮದುವೆಯಾದವನು. ಗೆಳೆಯನೇ ಮೋಸ ಮಾಡಿದ ಎಂದು ನೀನು ಬಾಗಿಲು ಹಾಕಿಕೊಂಡು ಇಪ್ಪತ್ತೆರಡು ವರ್ಷವಾಯಿತು. ಮಹಾರಾಜ ಕಾಲೇಜಿನ ಕಂಬಗಳನ್ನೂ ಕ್ರಾಫರ್ಡ್ ಹಾಲನ್ನೂ ನೋಡಿಕೊಂಡು, ನೀವು ಓದಿದ ಗಂಗೋತ್ರಿ ಕ್ಯಾಂಪಸ್ಸಿಗೆ ಹೋದೆವು. ರಜೆಯಲ್ಲವೇ, ರಸ್ತೆಗಳ ತುಂಬ ಉದುರಿದ ಎಲೆ, ಜನವೇ ಇಲ್ಲ. ಪ್ರತಿ ತಿರುವಿನಲ್ಲೂ ನೀನು ಆ ಒಂದೇ ನೀಲಿ ಸ್ವೆಟರ್ ಹಾಕಿಕೊಂಡು, ಪುಸ್ತಕ ಹಿಡಿದು ಎದುರಿಗೆ ಬರುತ್ತೀಯ ಅನ್ನಿಸುತ್ತಿತ್ತು. ಕುಕ್ಕರಹಳ್ಳಿ ಕೆರೆಯಲ್ಲಿ ಹೆಜ್ಜಾರ್ಲೆ ಹಕ್ಕಿಗಳು ಅಲುಗಾಡದೆ ತೇಲುತ್ತಿದ್ದವು. ಇನ್ನಾಸಪ್ಪ ಒಂದು ಕಲ್ಲುಬೆಂಚಿನ ತುದಿಯಲ್ಲಿ ಕುಳಿತ, ಇನ್ನೊಂದು ತುದಿ ಬಿಟ್ಟು. ಅದು ನಿನ್ನ ಜಾಗವಂತೆ. ಕೆರೆ ನೋಡುತ್ತಲೇ ಒಂದೇ ಮಾತು ಕೇಳಿದ: “ಅಕ್ಕಾ, ಮೋಹನ ಈಗ್ಲೂ ನಿದ್ದೇಲಿ ಮಾತಾಡ್ತಾನಾ?”

ನನಗೆ ಉತ್ತರ ಗೊತ್ತಿತ್ತು. “ಇನ್ನಾಸಾ, ಲೈಟ್ ಆರ್ಸ್ಲಾ” ಎಂದು ನೀನು ಇವತ್ತಿಗೂ ನಿದ್ದೆಯಲ್ಲಿ ಕನವರಿಸುತ್ತೀಯ ಅಂತ ನಿನ್ನ ಹೆಂಡತಿಯೇ ಹೇಳಿದ್ದಾಳೆ. ಆದರೆ ಚಳಿ ಎಂದು ನೆವ ಹೇಳಿ, ಸೆರಗು ಹೊದ್ದು ಎದ್ದುಬಿಟ್ಟೆ.

ಹೊರಡುವ ದಿನ ನನ್ನಿಂದ ಒಂದು ಎಡವಟ್ಟಾಯಿತು. ದೀಪಾವಳಿಗೆ ಬಾಗೂರಿಗೆ ಬಂದಾಗ ನಿನ್ನ ಹೆಂಡತಿ ನನಗೆ ಮಡಿಲು ತುಂಬಿದ್ದಳಲ್ಲ, ಆ ಅಕ್ಕಿಯಲ್ಲಿ ಅರ್ಧ ತೆಗೆದಿಟ್ಟು ಮೈಸೂರಿಗೆ ಒಯ್ದಿದ್ದೆ. ತವರಿನ ಅಕ್ಕಿ, ಅವಳಿಗೂ ಪಾಲಿದೆ. ಅವಳನ್ನು ಕೂರಿಸಿ, ಅರಿಶಿನ ಕುಂಕುಮ ಕೊಟ್ಟು, ಅಕ್ಕಿ, ಕೊಬ್ಬರಿ, ಬೆಲ್ಲ ಹಾಕಿ ಮಡಿಲು ತುಂಬಿದೆ. ಮದುವೆಯಾದ ಮೇಲೆ ಅವಳಿಗೆ ಅದೇ ಮೊದಲನೆಯದು. ಅವಳು ಅಳಲಿಲ್ಲ. ಎದ್ದವಳೇ ಮಡಿಲಿನಿಂದ ಒಂದು ಹಿಡಿ ಅಕ್ಕಿ ತೆಗೆದು, ಎಲ್ಲಿ ಹಾಕಲಿ ಎಂದು ಸುತ್ತ ನೋಡಿದಳು. ಅಮ್ಮ ಅನ್ನುತ್ತಿದ್ದದ್ದು ನಿನಗೂ ನೆನಪಿರಬೇಕು: “ಮಡ್ಲಕ್ಕೀಲಿ ಒಂದಿಡಿ ತವರಿಗೆ ವಾಪಸ್ ಆಕ್ದೆ ಓಗ್ಬಾರ್ದು ಕಣವ್ವ, ಮನೆ ಬರಿದಾಯ್ತದೆ.” ನೀನು ಬಾಗಿಲು ಹಾಕಿಕೊಂಡರೂ ನಿನ್ನ ಮನೆ ಬರಿದಾಗಬಾರದು ಅವಳಿಗೆ. ಆದರೆ ಅಲ್ಲಿ ತವರೆಲ್ಲಿಂದ ಬರಬೇಕು? ನಾನು ಕೈಯೊಡ್ಡುವಂತಿಲ್ಲ, ಮಡಿಲು ತುಂಬಿಸಿಕೊಂಡವಳೇ ತನ್ನ ಕೈಯಾರೆ ತವರಿನಲ್ಲಿ ಹಾಕಬೇಕು. ಆ ಅಕ್ಕಿಯನ್ನು ಬೇಯಿಸುವ ಹಾಗಿಲ್ಲ, ಚೆಲ್ಲುವ ಹಾಗಿಲ್ಲ. ಕೊನೆಗೆ ಬಟ್ಟೆಯಲ್ಲಿ ಗಂಟು ಕಟ್ಟಿ ಗೋದಲಿಯ ರಾಗಿ ಪೈರಿನ ಪಕ್ಕದಲ್ಲಿಟ್ಟಳು. ಇದನ್ನೆಲ್ಲ ಮೊದಲೇ ಯೋಚಿಸಬೇಕಿತ್ತು ನಾನು. ಮರೆತೆನೋ, ಮರೆತ ಹಾಗೆ ಮಾಡಿದೆನೋ, ನೀನು ಕೇಳಬೇಡ.

ಅವರೆಕಾಯಿ ಸೊಗಡು ಕಟ್ಟಿದೆಯೇ? ನನ್ನ ಪಾಲು ತೆಗೆದಿಡಲು ಹೇಳು. ನಿನಗೂ ನಿನ್ನ ಹೆಂಡತಿಗೂ ಹೊಸ ವರ್ಷ ತಂಪಾಗಿರಲಿ.

ನಿನ್ನ ಅಕ್ಕ,
ಅನಸೂಯ

ಮರೆತಿದ್ದೆ: ಬರುವ ಭಾನುವಾರ ಬೆಳಗಿನ ಬಸ್ಸಿಗೆ ಸ್ನೇಹಲತಾಳನ್ನು ಕರೆದುಕೊಂಡು ಬರುತ್ತಿದ್ದೇನೆ, ಅಕ್ಕಿಯ ಗಂಟಿನ ಸಮೇತ. ಅಮ್ಮನ ಅಕ್ಕಿ ಮಡಕೆಯನ್ನು ನೀನೇ ಹಿಡಿದು ಬಾಗಿಲಲ್ಲಿ ನಿಲ್ಲಬೇಕು. ಇನ್ನಾಸಪ್ಪನೂ ಹೊರಟಿದ್ದಾನೆ. ಆದರೆ ಮನೆಗೆ ಬರಲು ಧೈರ್ಯವಿಲ್ಲ, ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲೇ ಕಾಯುತ್ತೇನೆ ಅನ್ನುತ್ತಾನೆ. ಅವನು ಕೇಳಿದ್ದಕ್ಕೆ ಉತ್ತರ ಇನ್ನೂ ಬಾಕಿ ಇದೆ. ಬೈಕ್ ತೆಗೆದುಕೊಂಡು ಹೋಗಿ ನೀನೇ ಹೇಳಿ ಕರೆದುಕೊಂಡು ಬಾ.