ಅಪ್ಪಯ್ಯ, ಪಾದರಸ ಹೆಕ್ಕುವುದು ಹೇಗೆ?

ರೋಹಿಣಿ ಬಡಾವಣೆ, ದೆಹಲಿ
25 ಸೆಪ್ಟೆಂಬರ್ 2008, ಗುರುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಯ್ಯ,

ಹೇಗಿದ್ದೀರಿ? ಕೆಮ್ಮು ಕಡಿಮೆಯಾಯಿತೇ? ಕಿವಿಗೆ ತಂದ ಹೊಸ ಮೆಶಿನ್ ಇನ್ನೂ ಡಬ್ಬಿಯಲ್ಲೇ ಇದೆ ಎಂದು ಸರಳಾ ಅತ್ತಿಗೆ ಹೇಳಿದರು. "ಅದನ್ನು ಹಾಕ್ಕೊಂಡ್ರೆ ಲೋಕದ ಗಲಾಟೆಯೆಲ್ಲ ಒಳಗೆ ಬರ್ತದೆ, ಬೇಕಾದ ಮಾತೊಂದು ಬರೂದಿಲ್ಲ" ಅಂದಿರಂತೆ. ನಿಮ್ಮ ಮಾತು ಕೇಳಿ ಮೂರು ದಿನದಲ್ಲಿ ಮೊದಲ ಸಲ ನಕ್ಕೆ. ಫೋನಿನಲ್ಲಿ ನಿಮಗೆ ಏನಾದರೂ ಹೇಳಬೇಕೆಂದರೆ ನಾನು ಕಿರುಚಬೇಕು, ಕಿರುಚಿದರೆ ಅಮ್ಮನಿಗೂ ಕೇಳುತ್ತದೆ. ಅದಕ್ಕೇ ಪತ್ರ. ಅಮ್ಮ ಕೇಳಿದರೆ ನಿರೀಕ್ಷಾಳಿಗೆ ನಾಲ್ಕನೇ ಹಲ್ಲು ಬಂತಂತೆ, ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುತ್ತಾಳಂತೆ ಎಂದಷ್ಟೇ ಹೇಳಿ. ಅದು ನಿಜವೇ. ಉಳಿದದ್ದು ನಿಮಗೊಬ್ಬರಿಗೆ. ಮಗು ಈಗ ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿದ್ದಾಳೆ. ನಾನು ಎರಡು ಸಾಲು ಬರೆದು ಒಮ್ಮೆ ಎದ್ದುಹೋಗಿ ಅವಳ ಮೂಗಿನ ಹತ್ತಿರ ಬೆರಳಿಟ್ಟು ಬರುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ಬೇಸರಿಸಬೇಡಿ.

ನಿಮಗೆ ಗೊತ್ತಲ್ಲ, ಕರೆಂಟು ಪೋಲಾಗುವುದನ್ನು ಕಂಡರೆ ನನಗೆ ನಿಮ್ಮದೇ ರೋಗ. ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನ ಬಾಗಿಲು ಹಾಕುವ ಮೊದಲು ನೀವು ಒಂದೊಂದೇ ಸ್ವಿಚ್ಚಿನ ಮೇಲೆ ಕೈಯಾಡಿಸುತ್ತಾ "ಜನ ಇಲ್ಲದ ಕೋಣೆಗೆ ದೀಪ ಯಾಕೆ, ದೆವ್ವಕ್ಕೆ ಓದ್ಲಿಕ್ಕುಂಟಾ?" ಎನ್ನುತ್ತಿದ್ದಿರಿ. ಇಲ್ಲಿ ಈ ಬೇಸಿಗೆಯಲ್ಲಿ ದಿನಕ್ಕೆ ಆರು ತಾಸು ಕರೆಂಟು ಹೋಗುತ್ತಿತ್ತು. ನಮ್ಮ ಬ್ಲಾಕಿನವರು ಸಭೆ ಸೇರಿ, ಎಲ್ಲರೂ ಹಳೆಯ ಬಲ್ಬು ಬಿಟ್ಟು ಸಿಎಫ್‌ಎಲ್ ಹಾಕಬೇಕು ಎಂದರು. ನಾನೇ ಮುಂದೆ ನಿಂತು ಹನ್ನೊಂದು ಮನೆಗೆ ಹಾಕಿಸಿದೆ. ನಮ್ಮ ಮನೆಗೆ ಮೊದಲು ಎರಡೇ ತಂದದ್ದು. ಒಂದು ಹಾಲಿಗೆ. ಇನ್ನೊಂದು ಅಡುಗೆಮನೆಗೂ ಮಲಗುವ ಕೋಣೆಗೂ ಸೇರಿ. ಅಡುಗೆ ಮುಗಿದ ಕೂಡಲೇ ಸ್ಟೂಲ್ ಹತ್ತಿ ಅದನ್ನು ಕಳಚಿ ಆಚೆ ಕೋಣೆಗೆ ಒಯ್ದು ಸಿಕ್ಕಿಸುತ್ತಿದ್ದೆ. ಇವರು ಹೋಟೆಲಿನಿಂದ ಬಂದವರು ನೋಡಿ, "ಏನ್ ಮಾರಾಯ್ತಿ, ಊರವರು ಮಕ್ಕಳನ್ನ ಎತ್ಕೊಂಡು ತಿರುಗ್ತಾರೆ, ನೀನು ಬಲ್ಬ್ ಎತ್ಕೊಂಡು ತಿರುಗ್ತೀ" ಎಂದು ತಮಾಷೆ ಮಾಡುತ್ತಿದ್ದರು. 

ಸೋಮವಾರ ಸಂಜೆ ಏಳು ಗಂಟೆಗೆ ಹಾಗೆಯೇ ಕಳಚುವಾಗ ಬಲ್ಬು ಬಿಸಿಯಿತ್ತು. ಬುಡ ಹಿಡಿಯದೆ ಸುರುಳಿ ಗಾಜನ್ನೇ ಹಿಡಿದಿದ್ದೆ. ಕೈ ಜಾರಿತು. ನೆಲಕ್ಕೆ ಬಿದ್ದು ಪಟ್ಟೆಂದು ಒಡೆದು, ಮೈದಾ ಚೆಲ್ಲಿದ ಹಾಗೆ ಬಿಳಿ ಪುಡಿ ಹರಡಿತು. ಮಗು ಒಳಗೆ ಮಲಗಿತ್ತು. ಡೆಂಗ್ಯೂ ಸೊಳ್ಳೆಗೆ ಹೆದರಿ ಕಿಟಕಿಗಳನ್ನೆಲ್ಲ ಮುಚ್ಚಿದ್ದೆ. ಗಾಜಿನ ಚೂರು ಒಂದೂ ಉಳಿಯಬಾರದೆಂದು ಪೊರಕೆಯಲ್ಲಿ ಗರಗರ ಗುಡಿಸಿದೆ, ಒದ್ದೆ ಬಟ್ಟೆಯಲ್ಲಿ ಒರೆಸಿ ಬರಿಗೈಯಲ್ಲಿ ಹಿಂಡಿದೆ, ನೆಲ ಒಣಗಲೆಂದು ಫ್ಯಾನ್ ಐದಕ್ಕೆ ತಿರುಗಿಸಿದೆ. ಅಷ್ಟರಲ್ಲಿ ಇವರ ಫೋನ್. ಈ ತಿಂಗಳ ಹದಿಮೂರರ ಶನಿವಾರ ಕರೋಲ್ ಬಾಗ್‌ನಲ್ಲಿ ಬಾಂಬು ಸಿಡಿದದ್ದು ಇವರ ಹೋಟೆಲಿನಿಂದ ಎರಡು ಗಲ್ಲಿ ಆಚೆಗೆ. ಅಂದಿನಿಂದ ದಿನಕ್ಕೆ ಮೂರು ಸಲ ಫೋನ್ ಮಾಡುತ್ತಾರೆ, ಹೋಟೆಲಿನಲ್ಲಿ ತಟ್ಟೆ ಬಿದ್ದರೂ ಬೆಚ್ಚುತ್ತಾರಂತೆ. ಬಲ್ಬ್ ಒಡೆಯಿತು ಎಂದೆ. ಇವರ ಮೊದಲ ಪ್ರಶ್ನೆ, "ಮಗು ಎಲ್ಲಿತ್ತು?" ಒಳಗೆ ಮಲಗಿತ್ತು ಎಂದೆ. ಇವರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಮಂಗಳವಾರ ಬೆಳಿಗ್ಗೆ ಗ್ಯಾರಂಟಿ ಇದೆಯೇ ನೋಡೋಣವೆಂದು ಬಲ್ಬಿನ ರಟ್ಟಿನ ಡಬ್ಬಿ ತೆಗೆದೆ. ಮುಂದೆ ಹಸಿರು ಎಲೆ, ನಗುವ ಮಗುವಿನ ಚಿತ್ರ. ಅಡಿಯಲ್ಲಿ ಕಸದ ಬುಟ್ಟಿಯ ಮೇಲೆ ಕಾಟು ಹಾಕಿದ ಗುರುತು, ಅದರ ಕೆಳಗೆ ಸಾಸಿವೆ ಕಾಳಿನಷ್ಟು ಚಿಕ್ಕದಾಗಿ ಎರಡು ಅಕ್ಷರ: Hg. ಬೇರೆ ಯಾರಾದರೂ ಆಗಿದ್ದರೆ ಕಂಪೆನಿಯ ಹೆಸರೆಂದುಕೊಳ್ಳುತ್ತಿದ್ದರೇನೋ. ನಾನು ಆ ಎರಡು ಅಕ್ಷರವನ್ನು ನಿಮ್ಮ ಕೈಬರಹದಲ್ಲೇ ಮೊದಲು ಓದಿದವಳು, ಪಾದರಸದ ದಪ್ಪ ಗಾಜಿನ ಬಾಟಲಿಯ ಮೇಲೆ.

ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಒಬ್ಬ ಹುಡುಗ ಬ್ಯಾರೋಮೀಟರ್ ಕೆಡವಿದ್ದು ನೆನಪಿದೆಯಾ ಅಪ್ಪಯ್ಯ? ನೀವು ಎಲ್ಲರನ್ನೂ ಹೊರಗೆ ಅಟ್ಟಿದಿರಿ. ಫ್ಯಾನ್ ಆರಿಸಿದಿರಿ, ಕಿಟಕಿ ತೆರೆದಿರಿ. ಪೊರಕೆ ತಂದ ಆಯಾಳಿಗೆ ಬೈದಿರಿ. ಆಮೇಲೆ ಒಂದು ಪೋಸ್ಟ್‌ಕಾರ್ಡ್ ಹಿಡಿದು ಕುಕ್ಕರುಗಾಲಲ್ಲಿ ಕೂತು, ಪಾದರಸದ ಮಣಿಗೆ ಮಣಿ ತಾಗಿಸಿ ಒಂದು ಮಾಡಿ ಹೆಕ್ಕಿದಿರಿ. ಸಂದಿಗಳಿಗೆ ಹಳದಿ ಗಂಧಕದ ಪುಡಿ ಉದುರಿಸಿದಿರಿ. "ಕಾಣುವ ಮಣಿಗೆ ಹೆದರೂದು ಬೇಡ, ಕಾಣದೆ ಮೂಗಿಗೆ ಹೋಗುವ ಹೊಗೆಗೆ ಹೆದರಿ" ಎಂದಿರಿ. ಬಾಗಿಲಲ್ಲಿ ನಿಂತು ಅಷ್ಟನ್ನೂ ನೋಡಿದ ನಾನು ಸೋಮವಾರ ಅದಕ್ಕೆ ಸರೀ ತಿರುಗುಮುರುಗಾಗಿ ಮಾಡಿದೆನಲ್ಲ! ಸೈಬರ್ ಕೆಫೆಯಲ್ಲಿ ಕೂತು ಓದಿದೆ. ಬಲ್ಬಿನೊಳಗೆ ಇರುವುದು ನಾಲ್ಕೈದು ಮಿಲಿಗ್ರಾಂ ಅಂತೆ, ಒಡೆಯದಿದ್ದರೆ ಅಪಾಯವಿಲ್ಲವಂತೆ. ಕಲ್ಲಿದ್ದಲು ಉರಿಸಿ ಕರೆಂಟು ಮಾಡಿದರೂ ಪಾದರಸ ಗಾಳಿಗೆ ಸೇರುತ್ತದಂತೆ, ಆದ್ದರಿಂದ ಕರೆಂಟು ಉಳಿಸುವುದೇ ಮೇಲಂತೆ. ಇರಬಹುದು. ಬಲ್ಬಿನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕೆಳಗಿನ ಸಾಲಿನಲ್ಲಿ, ಚಿಕ್ಕ ಮಕ್ಕಳ ಮಿದುಳಿಗೆ ಎಂದು ಶುರುವಾಗಿತ್ತು. ಪೂರ್ತಿ ಓದಲಾಗದೆ ಎದ್ದು ಬಂದೆ.

ನಿನ್ನೆ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಗಂಧಕ ಹುಡುಕಿಕೊಂಡು ಮಾರ್ಕೆಟ್ಟಿನ ಗ್ರಂಧಿಗೆ ಅಂಗಡಿಗೆ ಹೋದೆ. "ಭಯ್ಯಾ, ಗಂಧಕ್ ಮಿಲೇಗಾ?" ಎಂದೆ. ಮುದುಕ ತಲೆಯೆತ್ತಿ, "ಕಿಸ್ ಲಿಯೇ ಚಾಹಿಯೇ?" ಎಂದು ಕಾರಣ ಕೇಳಿದ. ಮನೆಯಲ್ಲಿ ಪಾರಾ ಚೆಲ್ಲಿದೆ ಎಂದುಬಿಟ್ಟೆ. ಪಾದರಸಕ್ಕೆ ಇಲ್ಲಿ ಪಾರಾ ಎನ್ನುತ್ತಾರೆ. "ಗಂಧಕ್ ಭೀ, ಪಾರಾ ಭೀ? ಕಹಾಂ ಕೀ ಹೋ ಆಪ್? ನಾಮ್ ಕ್ಯಾ ಹೈ?" ಪಕ್ಕದಲ್ಲಿ ಜೀರಿಗೆ ಕೊಳ್ಳುತ್ತಿದ್ದ ಹೆಂಗಸು ತನ್ನ ಮಗನ ಕೈ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದಳು. ಆಗ ನನಗೆ ಹೊಳೆಯಿತು, ಬಾಂಬು ಸಿಡಿದ ಊರಿನಲ್ಲಿ ಸಿಡಿಮದ್ದಿಗೂ ಹಾಕುವ ವಸ್ತುವನ್ನು ನಾನು ಕೇಳುತ್ತಿದ್ದೇನೆ ಎಂದು. ಊರು, ಹೆಸರು ಯಾವುದನ್ನೂ ಹೇಳದೆ ಓಡಿ ಬಂದೆ. ಓಡಿದ್ದು ಇನ್ನೂ ತಪ್ಪಾಯಿತೇನೋ. ಈಗ ಮೆಟ್ಟಿಲ ಮೇಲೆ ಯಾರ ಚಪ್ಪಲಿ ಸದ್ದಾದರೂ ಪೆನ್ನು ನಿಲ್ಲುತ್ತದೆ.

ಡಾಕ್ಟರಿಗೆ ತೋರಿಸಲಿಲ್ಲವೇ ಎಂದು ನೀವು ಕೇಳುತ್ತೀರಿ. ಮಂಗಳವಾರ ಸಂಜೆಯೇ ಇಬ್ಬರೂ ಹೋಗಿದ್ದೆವು. ಮಕ್ಕಳ ಡಾಕ್ಟರ್ ಒಳ್ಳೆಯವರು. "ಬಚ್ಚೀ ದೂಸರೇ ಕಮರೇ ಮೇ ಥೀ ನಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಇವರು ಹೌದೌದು, ಬೇರೆ ಕೋಣೆಯಲ್ಲಿದ್ದಳು ಎಂದರು. ಡಾಕ್ಟರ್ ನಕ್ಕು, ಹಾಗಾದರೆ ಚಿಂತೆ ಬಿಡಿ, ಮದ್ದು ಬೇಕಾದದ್ದು ತಾಯಿಗೆ ಎಂದರು. ಇವರೂ ನಕ್ಕರು. ಆ ಶನಿವಾರದ ನಂತರ ಇವರು ನಕ್ಕದ್ದು ಅದೇ ಮೊದಲು. 

ಮೂರು ದಿನದಿಂದ ನಿರೀಕ್ಷಾ ಸರಿಯಾಗಿ ಅನ್ನ ತಿನ್ನುತ್ತಿಲ್ಲ. ಹಲ್ಲು ಬರುವುದಕ್ಕೋ, ಬೇರೆಯದಕ್ಕೋ? ಲೋಟಕ್ಕೆ ಕೈ ಚಾಚಿದಾಗ ಬೆರಳು ಸ್ವಲ್ಪ ಅಲುಗುತ್ತದೆ. ಮೊದಲೂ ಅಲುಗುತ್ತಿತ್ತೇ? ಹನ್ನೊಂದು ತಿಂಗಳು ನೋಡಿದ ಕೈ, ನನಗೆ ನೆನಪಾಗುತ್ತಿಲ್ಲ. ನಿನ್ನೆ ಫೋನಿನಲ್ಲಿ ಅಮ್ಮ, "ನಮ್ಮ ಪಾದರಸ ಏನ್ ಮಾಡ್ತಾ ಉಂಟು? ಒಂದು ಕಡೆ ನಿಲ್ತದಾ?" ಎಂದರು. ಮಗುವಿಗೆ ಅವರು ಇಟ್ಟ ಮುದ್ದಿನ ಹೆಸರಲ್ಲವೇ. ಕುಕ್ಕರ್ ಕೂಗಿತು ಎಂದು ಫೋನ್ ಇಟ್ಟುಬಿಟ್ಟೆ.

ಆದ್ದರಿಂದ ಅಪ್ಪಯ್ಯ, ನಿಮಗೆ ಗೊತ್ತಿದ್ದಷ್ಟನ್ನು ಬಿಡದೆ ಬರೆಯಿರಿ. ಗುಡಿಸಿ ಹೋದ ಮೇಲೆ ಸಂದಿಯಲ್ಲಿ ಉಳಿದದ್ದನ್ನು ಹೇಗೆ ಹೆಕ್ಕುವುದು? ಗಂಧಕ ಇಲ್ಲದಿದ್ದರೆ ಬೇರೆ ಏನು ಹಾಕಬಹುದು? ಆ ಪೊರಕೆ, ಆ ಬಟ್ಟೆ ಎರಡನ್ನೂ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಬಾಲ್ಕನಿಯಲ್ಲಿಟ್ಟಿದ್ದೇನೆ. ಬಿಸಾಡುವುದೆಲ್ಲಿ?

ಅಮ್ಮನಿಗೆ, ಚಂದ್ರಕಾಂತಣ್ಣನಿಗೆ, ಅತ್ತಿಗೆಗೆ ನಮಸ್ಕಾರ. ಆ ಮೆಶಿನ್ ಒಮ್ಮೆ ಕಿವಿಗೆ ಹಾಕಿ ನೋಡಿ, ಮೊಮ್ಮಗಳು "ತಾತಾ" ಎನ್ನುವುದಾದರೂ ಒಳಗೆ ಬರಲಿ. ಅವಳ ತಲೆಯ ಮೇಲೆ ನಿಮ್ಮ ಕೈ ಇರಲಿ.

ನಿಮ್ಮ ಮಗಳು,
ಪ್ರಣೀತಾ

ತಾ.ಕ.: ಮೇಲೆ ನಿಮಗೂ ಒಂದು ಸುಳ್ಳು ಬರೆದೆ. ಮಗು ಒಳಗೆ ಮಲಗಿರಲಿಲ್ಲ. ಸ್ಟೂಲಿನ ಬುಡದಲ್ಲೇ ಕೂತಿದ್ದಳು. ನಾನು ಇಳಿಯುವಷ್ಟರಲ್ಲಿ ಎರಡು ಬೆರಳು ಬಾಯಲ್ಲಿದ್ದವು, ತುಟಿಯ ಮೇಲೆ ಬಿಳಿ ಪುಡಿ. ಬಾಯಿ ತೊಳೆದೆ, ಎಷ್ಟು ಒಳಗೆ ಹೋಗಿತ್ತೋ ಗೊತ್ತಿಲ್ಲ. ಇವರು ಹೆದರಬಾರದೆಂದು ಫೋನಿನಲ್ಲಿ ಬಾಯಿಗೆ ಬಂದ ಸುಳ್ಳು ಡಾಕ್ಟರವರೆಗೂ ಹೋಯಿತು. ಅವರು ಧೈರ್ಯ ಹೇಳಿದ್ದು ಒಳಗೆ ಮಲಗಿದ್ದ ಮಗುವಿಗೆ, ನನ್ನ ಮಗುವಿಗಲ್ಲ. ಲಕೋಟೆಗೆ ಅಂಟು ಹಚ್ಚುವ ಮೊದಲು ಈಗ ಇವರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಹಿಂದೆ ಹೋಟೆಲಿನ ಪಾತ್ರೆಗಳ ಸದ್ದು. ಆಮೇಲೆ "ಬಂದೆ, ಮಗುವನ್ನ ರೆಡಿ ಮಾಡು, ಬಲ್ಬಿನ ಡಬ್ಬೀನೂ ತಗೋ" ಎಂದರು. ದೊಡ್ಡ ಆಸ್ಪತ್ರೆಗೆ ಹೊರಟಿದ್ದೇವೆ. ಸಂದಿಯ ವಿಷಯ, ಗಂಧಕದ ವಿಷಯ ಬಿಡಿ. ಮೂವತ್ತು ವರ್ಷದಲ್ಲಿ ನಿಮ್ಮ ಲ್ಯಾಬಿನಲ್ಲಿ ಯಾರಾದರೂ ಅದನ್ನು ಬಾಯಿಗೆ ಹಾಕಿಕೊಂಡದ್ದುಂಟೇ? ಅವರು ಈಗ ಹೇಗಿದ್ದಾರೆ? ಅದೊಂದನ್ನೇ ಬರೆಯಿರಿ.