ಬೇಲಿ ದಾಟಿದ ಬಳ್ಳಿ

ಕಾಡಿನ ಬದಿಯ ಮನೆ,
ಫೆಬ್ರವರಿ ೯, ಭಾನುವಾರ

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಸೊಂಟದ ನೋವು ಹೇಗಿದೆ? ಕುಂಡಗಳನ್ನು ನೀನೇ ಎತ್ತಬೇಡ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ನರ್ಸರಿಯಲ್ಲಿ ಆಳುಗಳಿರುವುದು ಯಾತಕ್ಕೆ? ನಿನ್ನ ಹೆಂಡತಿಯ ಕೆಮ್ಮು ಇಳಿಯಿತೇ? ನಾನು ಗಟ್ಟಿಯಾಗಿದ್ದೇನೆ. ಮೊಣಕಾಲು ಮಾತ್ರ ನನ್ನ ಮಾತು ಕೇಳುವುದಿಲ್ಲ. ಈ ಮನೆಯಲ್ಲಿ ನನ್ನ ಮಾತು ಕೇಳದಿರುವುದು ಅದೊಂದೇ. ಫೋನು ಮಾಡಿದರೆ ನೀನು ಮಾತು ತಪ್ಪಿಸುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಹಿತ್ತಲಾಚೆಯ ಕಾಡಿಗೆ ನುಗ್ಗಿದ ಆ ಬಳ್ಳಿ ಈಗ ಹೊಳೆಯ ತನಕ ಹೋಗಿದೆ. ಮರಗಳಿಗೆ ಕಂಬಳಿ ಹೊದಿಸಿದಂತೆ ಹಬ್ಬಿ, ಕೆಳಗೆ ಬಿಸಿಲೇ ಬೀಳದೆ ಕಾಡಿನ ಸಸಿಗಳು ಬಿಳಿಚಿಕೊಂಡು ಸಾಯುತ್ತಿವೆ. ಪ್ರತಿ ಭಾನುವಾರ ಬೀದಿಯವರೆಲ್ಲ ಸೇರಿ ಕಡಿಯುತ್ತೇವೆ, ಯಜಮಾನಿಕೆ ನನ್ನದೇ. ಮೊದಲ ವಾರ ಪೋಸ್ಟ್‌ಮಾಸ್ತರರ ಹೆಂಡತಿ ಒಂದು ಹೊರೆ ಕಿತ್ತು ತಂದು ಬೀಗುತ್ತ ನಿಂತಳು. ನೋಡಿದರೆ ಅದು ಕಾಡಿನದೇ ಬಳ್ಳಿ. ಎರಡರ ಎಲೆಯೂ ಒಂದೇ ಅಚ್ಚು. ಫಾರೆಸ್ಟ್ ಗಾರ್ಡ್ ತೊಟ್ಟು ಮುರಿದು ತೋರಿಸಿದರು: ಹಾಲು ಬಂದರೆ ಹೊರಗಿನದು, ಬರದಿದ್ದರೆ ಇಲ್ಲಿಯದು. ಅವಳು, "ಅಲ್ರೀ, ಇದನ್ನ ಮೊದಲೇ ಹೇಳೋಕೆ ಏನಾಗಿತ್ತು? ನನ್ನ ಬೆನ್ನು ಬಿದ್ದೋಯ್ತು" ಎಂದು ಅವರನ್ನೇ ತರಾಟೆಗೆ ತೆಗೆದುಕೊಂಡಳು. ಈಗ ಎಲ್ಲರೂ ತೊಟ್ಟು ಮುರಿದು ನೋಡಿಯೇ ಕತ್ತಿ ಎತ್ತುತ್ತಾರೆ. ಬುಡದಲ್ಲಿ ಕಡಿದು, ಕಡಿದ ಬಾಯಿ ಒಣಗುವ ಮೊದಲೇ ಬ್ರಷ್ಷಿನಿಂದ ಬೇರು ಸಾಯಿಸುವ ಔಷಧಿ ಹಚ್ಚಬೇಕು. ಮೇಲಿನದನ್ನು ಎಳೆಯಬಾರದು, ಮರದ ಕೊಂಬೆಯೇ ಮುರಿಯುತ್ತದೆ. ಅಲ್ಲೇ ಒಣಗಲು ಬಿಡಬೇಕು. ಹಸಿ ತುಂಡೊಂದು ನೆಲಕ್ಕೆ ಬಿದ್ದರೂ ಬೇರು ಬಿಡುತ್ತದೆ.

ಇಷ್ಟೆಲ್ಲ ಮಾಡಿದರೂ ಕಡಿದ ಜಾಗದಲ್ಲಿ ಹೊಸ ಮೊಳಕೆ ಏಳುತ್ತಲೇ ಇದೆ. ಕಾಯಿ ಒಡೆದು ಹತ್ತಿಯಂಥ ಬೀಜ ಗಾಳಿಯಲ್ಲಿ ತೇಲಿ ಬರುತ್ತದೆ. ಎಲ್ಲಿಂದ ಎಂದು ನೋಡಲು ಗಾರ್ಡ್ ಇವತ್ತು ನಮ್ಮ ಬೀದಿಯುದ್ದಕ್ಕೂ ನಡೆದರು. ಕಾಂಪೌಂಡ್ ಗೋಡೆಗಳ ಮೇಲೆ ಚಂದಕ್ಕೆಂದು ಹಬ್ಬಿಸಿದ್ದೂ ಅದೇ ಬಳ್ಳಿ. "ಎಲ್ಲಿ ತಗೊಂಡ್ರಿ ಇದನ್ನ?" ಎಂದರೆ ಎಲ್ಲರೂ ನನ್ನ ಮುಖ ನೋಡಿದರು. ಟೈಲರ್ ಮಾತ್ರ ತಡೆಯಲಾರದೆ, "ದೊಡ್ಡಮ್ಮನ್ನೇ ಕೇಳಿ ಸಾರ್, ಅವರ ಕಡೆಯೋರದೇ ಸಪ್ಲೈ" ಎಂದು ಹಲ್ಲು ಕಿರಿದ. ಗಾರ್ಡಿಗೆ ತಮಾಷೆ ಅನ್ನಿಸಿತೋ ಏನೋ. ನಾನು, "ಬರೋ ವಾರ ಹೇಳ್ತೀನಿ" ಎಂದು ಕತ್ತಿ ತೊಳೆಯಲು ಹೋದೆ. ಬೀದಿಯವರಿಗೆ ಬೆನ್ನು ತೋರಿಸಿ ನಡೆದದ್ದು ಇದೇ ಮೊದಲು.

ತಿಳಿಯದೆ ಮಾರಿದ್ದಕ್ಕೆ ನಿನ್ನ ಮೇಲೆ ಕೋಪವಿಲ್ಲ. ನಮ್ಮ ಗೋಡೆಯದನ್ನು ಬೇರುಸಹಿತ ತೆಗೆಸಿದ ದಿನವೇ ನಿನಗೆ ಹೇಳಿದ್ದೆ. ನೀನು, "ಎಲ್ಲಕ್ಕಿಂತ ಅದೇ ಓಡೋದು ಅಕ್ಕಾ, ಒಂದು ವರ್ಷ ಬಿಡು" ಎಂದೆ. ಇನ್ನೂ ಸಾಲುಸಾಲಾಗಿ ಇಟ್ಟಿದ್ದೀಯ ಎಂದು ಅಳಿಯ ನೋಡಿಬಂದು ಹೇಳಿದ. ಅಮ್ಮ ಹೋದ ಮೇಲೆ ನಿನ್ನನ್ನು ಸಾಕಿದವಳು ನಾನು; ಒಂದು ವರ್ಷದಲ್ಲಿ ಆ ಕಾಡು ಏನಾಗುತ್ತದೆ ಎಂದು ನಿನಗೆ ಬಿಡಿಸಿ ಹೇಳಬೇಕೇ?

ಗಂಡ ಹೆಂಡಿರಿಬ್ಬರೂ ಆರೋಗ್ಯವಾಗಿರಿ.

ನಿನ್ನ ಅಕ್ಕ

ಮರೆತ ಮಾತು: ಅಳಿಯ ಹೊರಟು ನಿಂತಿದ್ದಾನೆ, ಪತ್ರ ಅವನ ಕೈಯಲ್ಲೇ ಕಳಿಸುತ್ತೇನೆ. ಬರುವ ಭಾನುವಾರ ಎಲ್ಲರ ಎದುರು ಗಾರ್ಡಿಗೆ ನಿನ್ನ ಹೆಸರು ಹೇಳುವವಳಿದ್ದೇನೆ. ನಾನು ಸಾಕಿದವನ ಹೆಸರನ್ನು ಟೈಲರ್ ಹೇಳುವುದು ಬೇಡ. ಅಷ್ಟರಲ್ಲಿ ತಾಯಿಗಿಡಗಳನ್ನು ಕಿತ್ತು ನೀನೇ ಬಂದು ಹೇಳಿದರೆ ನಿನ್ನ ಪಕ್ಕದಲ್ಲಿ ನಿಲ್ಲುತ್ತೇನೆ. ಬೆಳಗ್ಗೆ ಬೇಗ ಬಾ. ಗೇಟಿನ ಹತ್ತಿರ ಇರುತ್ತೇನೆ.