ಎರಡನೇ ಮನೆ

ಸಂಭಾಜಿನಗರ
ರವಿವಾರ, 16 ನವೆಂಬರ್ 2025

ಬಡ್ತಿ ಬೇಕೋ ಬೇಡವೋ, ನಾಳೆ ಬ್ಯಾಂಕಿಗೆ ಬರೆದುಕೊಡಬೇಕು. ಬೇಕು ಎಂದರೆ ಇನ್ನೂ ಮೂರು ವರ್ಷ ನಾನು ಈ ಒಂಟಿ ಕೋಣೆಯಲ್ಲಿ, ಸುಮನ ಮತ್ತು ಮಗಳು ನಾಸಿಕದಲ್ಲಿ. ಬೇಡ ಎಂದರೆ ನಾಸಿಕಕ್ಕೆ ವರ್ಗ ಕೇಳಬಹುದು, ಸಂಬಳ ಮಾತ್ರ ಇಷ್ಟೇ.

ಬೆಳಿಗ್ಗೆ ನಾಸಿಕದ ಮನೆಯಲ್ಲಿ, ತ್ರ್ಯಂಬಕೇಶ್ವರಕ್ಕೆಂದು ಬಂದಿದ್ದ ವೆಂಕಪ್ಪ ಕಾಕಾ ನನ್ನ ಜಾತಕ ಹರವಿಕೊಂಡು ಕೂತರು.

"ನಿನ್ನ ಎರಡನೇ ಮನ್ಯಾಗ ಗುರು, ಚಂದ್ರ ಕೂಡಿ ಕೂತಾರಪಾ. ಧನಕ್ಕೂ ಅದ ಮನಿ, ಕುಟುಂಬಕ್ಕೂ ಅದ ಮನಿ. ಚಿಂತಿ ಬಿಡು."

ಆರು ವರ್ಷದ ಶರ್ವಾಣಿಗೆ ನಾಸಿಕದ್ದು ಮೊದಲನೇ ಮನೆ, ಎರಡನೇದು ಎಂದರೆ ಈ ಕೋಣೆ.

"ಪಪ್ಪಾ, ಅಲ್ಲಿ ಗಾದಿ ಫಕ್ತ ಒಂದ ಅದ ನಾ? ಅವರಿಬ್ರೂ ಎಲ್ಲಿ ಮಲಗತಾರ?"

ಕಾಕಾ ನಕ್ಕೂ ನಕ್ಕೂ ಕೆಮ್ಮಿದರು. ನಾನು "ನೆಲದ ಮ್ಯಾಲ" ಎಂದೆ. ಅವಳು ನಗಲಿಲ್ಲ.

ಬಸ್ಸಿನಲ್ಲಿ ಚೀಲ ಉಬ್ಬಿದ್ದು ನೋಡಿ, ಸುಮನ ರೊಟ್ಟಿ ತುಂಬಿದ್ದಾಳೆ ಅಂದುಕೊಂಡೆ. ಇಲ್ಲಿ ಬಂದು ಬಿಚ್ಚಿದರೆ ಎರಡು ದಿಂಬು. ಆನೆ ಚಿತ್ರದ್ದು ಶರ್ವಾಣಿಯದು, ಇನ್ನೊಂದು ಅವಳ ಅಮ್ಮನದು.

ಫೋನ್ ಮಾಡಿದೆ. ಸುಮನ ಪಿಸುಗುಟ್ಟಿದಳು: "ಮಲಗ್ಯಾಳರಿ. ನಿಮ್ಮ ದಿಂಬ ಒಂದ ಉಳದದ, ಇಬ್ರೂ ಅದರ ಮ್ಯಾಲ ಅದೀವಿ."

ಬ್ಯಾಂಕಿನ ಕಾಗದದಲ್ಲಿ 'ಬೇಡ' ಎಂದು ಬರೆದೆ.

ಶನಿವಾರ ಈ ದಿಂಬುಗಳನ್ನು ವಾಪಸ್ ಒಯ್ಯಬೇಕು. ಗುರು, ಚಂದ್ರ ಇಬ್ಬರನ್ನೂ ಕರೆತಂದೆ ಎಂದರೆ, ಬಸ್ಸಿನಲ್ಲಿ ಎಲ್ಲಿ ಕೂತಿದ್ದರು ಎಂದು ಕೇಳಿಯೇ ಕೇಳುತ್ತಾಳೆ. ಅದಕ್ಕೊಂದು ಉತ್ತರ ಹುಡುಕಿಟ್ಟುಕೊಳ್ಳಬೇಕು.